ಗಣಿತದ ಪುಸ್ತಕ ಕೊಳ್ಳುವ ಮೊದಲು: ಪಿಯುಸಿ ದಾಟಿದವರಿಂದ ಎಂಎಸ್ಸಿ ಓದುವವರವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಶಿರಸಿ, ಕುಮಟಾ, ಕಾರವಾರದ ಕಡೆ ಬಿಎಸ್ಸಿ ಗಣಿತ ಮುಗಿಸಿದವರ ಮನೆಯಲ್ಲಿ ಹಳೆಯ ಪುಸ್ತಕ ತೆಗೆದು ನೋಡಿ. ಮೊದಲ 20 ಪುಟ ಮಾಸಿರುತ್ತವೆ, ಅಲ್ಲಲ್ಲಿ ಪೆನ್ಸಿಲ್ ಗೆರೆ ಇರುತ್ತದೆ. ಆಮೇಲಿನದ್ದೆಲ್ಲ ಹೊಸ ಪುಸ್ತಕದ ಹಾಗೇ ಇರುತ್ತದೆ. ಓದುವ ಮನಸ್ಸಿರಲಿಲ್ಲ ಎಂದು ಹೇಳಿಬಿಡುವುದು ಸುಲಭ. ಹೆಚ್ಚಿನ ಸಲ ಆಗುವುದು ಬೇರೆ. ಮೊದಲು ಪುಸ್ತಕ ಕೊಳ್ಳುತ್ತಾರೆ, ಆಮೇಲೆ ಸಿಲೆಬಸ್ ನೋಡುತ್ತಾರೆ, ತಮ್ಮ ಮಟ್ಟಕ್ಕೆ ಇದು ಹೊಂದುವುದಿಲ್ಲ ಅಂತ ಕೊನೆಗೆ ಗೊತ್ತಾಗುತ್ತದೆ. ಮಾಡಬೇಕಾದ್ದು ಇದರ ಉಲ್ಟಾ.

## ಕೂರುವ ಮೊದಲು ಏನೇನು ಬೇಕು

ನಿಮ್ಮ ವರ್ಷದ ಸಿಲೆಬಸ್ಸಿನ ಪ್ರಿಂಟ್, ಹಿಂದಿನ ಎರಡು ಪರೀಕ್ಷೆಗಳ ಪ್ರಶ್ನೆಪತ್ರಿಕೆ, ಕಾಲೇಜು ಲೈಬ್ರರಿಯ ಕಾರ್ಡು, ಒಂದು ರಫ್ ನೋಟ್‌ಬುಕ್, ಪೆನ್ನು. ಇಷ್ಟು ಸಾಕು. ಜೊತೆಗೆ ಲೈಬ್ರರಿಯಲ್ಲಿ ಕೂರಲು ಅರ್ಧ ದಿನ. ಹಣ ಈಗಲೇ ಬೇಡ, ಅದು ಆರನೇ ಹಂತದಲ್ಲಿ ಬರುತ್ತದೆ.

## ಹಂತ 1: ನಿಮ್ಮದೇ ಸಿಲೆಬಸ್ ಹಿಡಿಯಿರಿ

ಉತ್ತರ ಕನ್ನಡದ ಡಿಗ್ರಿ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿವೆ. ಅದರ ವೆಬ್‌ಸೈಟಿನಿಂದಲೇ ಸಿಲೆಬಸ್ ಇಳಿಸಿಕೊಳ್ಳಿ. ವಾಟ್ಸಾಪ್ ಗುಂಪಿನಲ್ಲಿ ಓಡಾಡುವ ಪಿಡಿಎಫ್ ಯಾವ ವರ್ಷದ್ದು ಎಂದು ಯಾರಿಗೂ ಗೊತ್ತಿರುವುದಿಲ್ಲ.

ಈ ಮಾತನ್ನು ಒತ್ತಿ ಹೇಳಲು ಕಾರಣ ಇದೆ. 2021–22ರಲ್ಲಿ ರಾಜ್ಯದಲ್ಲಿ ಹೊಸ ರಾಷ್ಟ್ರೀಯ ಶಿಕ್ಷಣ ನೀತಿಯ ಸಿಲೆಬಸ್ ಬಂತು. 2024–25ರಿಂದ ರಾಜ್ಯ ಶಿಕ್ಷಣ ನೀತಿಯಡಿ ಮತ್ತೆ ಮೂರು ವರ್ಷದ ಡಿಗ್ರಿಗೆ ಮರಳಿದರು. ಎರಡು ಮೂರು ವರ್ಷ ಮುಂದಿದ್ದ ಅಕ್ಕನೋ ಅಣ್ಣನೋ ಕೊಟ್ಟ ಪುಸ್ತಕ ಗಣಿತವಾಗಿ ಸರಿಯೇ ಇರುತ್ತದೆ. ಆದರೆ ಸೆಮಿಸ್ಟರ್ ಹೆಸರು ಹಾಕಿ ಅಚ್ಚಾದ ಪುಸ್ತಕವಾದರೆ, ಅವರ ಮೂರನೇ ಸೆಮಿಸ್ಟರಿನ ಪಾಠ ನಿಮಗೆ ಬೇರೆಲ್ಲೋ ಬರಬಹುದು. ಅಧ್ಯಾಯಗಳ ಪಟ್ಟಿಯನ್ನು ಸಿಲೆಬಸ್ಸಿನ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ಟಿಕ್ ಹಾಕಿ. ಹತ್ತರಲ್ಲಿ ಏಳು ಹೊಂದಿದರೆ ಇಟ್ಟುಕೊಳ್ಳಿ.

ಸಿಲೆಬಸ್ಸಿನ ಕೊನೆಯಲ್ಲಿ ಐದಾರು ಪುಸ್ತಕಗಳ ಹೆಸರು ಇರುತ್ತದಲ್ಲ, ಅಲ್ಲೇ ಹೆಚ್ಚಿನವರು ಎಡವುವುದು. ಆ ಪಟ್ಟಿ ಸುಲಭದಿಂದ ಕಷ್ಟಕ್ಕೆ ಅಂತ ಜೋಡಿಸಿದ್ದಲ್ಲ. ಮೊದಲ ವರ್ಷದವರು ಓದಬಹುದಾದ ಪುಸ್ತಕವೂ ಎಂಎಸ್ಸಿಯವರಿಗೇ ಬೆವರಿಳಿಸುವ ಪುಸ್ತಕವೂ ಅಲ್ಲಿ ಒಟ್ಟಿಗೇ ಇರುತ್ತವೆ. ಮೊದಲ ಹೆಸರು ನೋಡಿ ಆರ್ಡರ್ ಮಾಡಬೇಡಿ.

ಎಂಜಿನಿಯರಿಂಗ್ ಓದುವವರ ದಾರಿ ಬೇರೆ, ಅವರಿಗೆ ಕೆಳಗೆ ಪ್ರತ್ಯೇಕವಾಗಿ ಬರೆದಿದ್ದೇನೆ.

## ಹಂತ 2: ನೀವು ನಿಂತಿರುವ ಮೆಟ್ಟಿಲು ಯಾವುದು?

ಅಂಕಪಟ್ಟಿ ಇದನ್ನು ಹೇಳುವುದಿಲ್ಲ. ಪಿಯುಸಿಯಲ್ಲಿ 95 ಬಂದವರೂ ಪ್ರೂಫ್ ಬರೆಯಲು ಕುಳಿತರೆ ಪೆನ್ನು ಕಚ್ಚುತ್ತಾರೆ. ಅದಕ್ಕೆ ಈ ನಾಲ್ಕು ಪ್ರಶ್ನೆಗಳನ್ನು ಫೋನ್ ದೂರವಿಟ್ಟು, ಅರ್ಧ ಗಂಟೆಯಲ್ಲಿ, ಪೂರ್ತಿ ವಾಕ್ಯಗಳಲ್ಲಿ ಬರೆದು ನೋಡಿ.

1. ಎಕ್ಸ್‌ನ ಮಾಡ್ಯುಲಸ್ ಫಂಕ್ಷನ್ ಸೊನ್ನೆಯಲ್ಲಿ ಕಂಟಿನ್ಯೂಅಸ್ ಆಗಿದೆ. ಆದರೂ ಅಲ್ಲಿ ಡಿಫರೆನ್ಷಿಯೇಬಲ್ ಯಾಕಲ್ಲ? ಲಿಮಿಟ್ ಬಳಸಿಯೇ ಹೇಳಿ.
2. √2 ಭಿನ್ನರಾಶಿಯಲ್ಲ ಎಂದು ಸಾಧಿಸಿ.
3. ಬೌಂಡೆಡ್ ಆಗಿದ್ದೂ ಕನ್ವರ್ಜ್ ಆಗದ ಒಂದು ಸೀಕ್ವೆನ್ಸ್ ಕೊಡಿ. ಕನ್ವರ್ಜ್ ಆಗುವುದಿಲ್ಲ ಎಂಬುದನ್ನು ಡೆಫಿನಿಷನ್‌ನಿಂದ ತೋರಿಸಿ.
4. (0, 1) ಎಂಬ ಓಪನ್ ಇಂಟರ್ವಲ್ ಕಾಂಪ್ಯಾಕ್ಟ್ ಅಲ್ಲ ಎಂದು ತೋರಿಸುವ ಓಪನ್ ಕವರ್ ಒಂದನ್ನು ಬರೆಯಿರಿ.

ಒಂದನೆಯದರಲ್ಲೇ ನಿಂತರೆ ಪಿಯುಸಿ ಪುಸ್ತಕಕ್ಕೆ ಒಮ್ಮೆ ವಾಪಸ್ ಹೋಗಬೇಕು. ಎರಡರಲ್ಲಿ ನಿಂತರೆ ಪ್ರೂಫ್ ಬರೆಯುವುದನ್ನು ಕಲಿಸುವ ಪುಸ್ತಕ ಬೇಕು. ಮೂರರಲ್ಲಿ ‘−1, 1, −1, 1’ ಎಂದು ಉದಾಹರಣೆ ಕೊಟ್ಟು, ಕಾರಣ ಬರೆಯುವಾಗ ‘ಅದು ಆ ಕಡೆ ಈ ಕಡೆ ಹೋಗುತ್ತದೆ’ ಎಂದಷ್ಟೇ ಬರೆದರೆ ನೀವು ಡಿಗ್ರಿಯ ರಿಯಲ್ ಅನಾಲಿಸಿಸ್ (ಕ್ಯಾಲ್ಕುಲಸ್ಸಿನ ವಿಷಯಗಳನ್ನೇ ಪ್ರೂಫ್ ಸಮೇತ ಕಲಿಸುವ ಗಣಿತ) ಪುಸ್ತಕದ ಬಾಗಿಲಲ್ಲಿದ್ದೀರಿ. ನಾಲ್ಕನೆಯದನ್ನೂ ಸಲೀಸಾಗಿ ಬರೆದವರು ಎಂಎಸ್ಸಿ ಮಟ್ಟದ ಪುಸ್ತಕ ತೆಗೆಯಬಹುದು. (1/ಎನ್, 1) ಎಂಬ ಇಂಟರ್ವಲ್‌ಗಳನ್ನು ತೆಗೆದುಕೊಂಡರೆ ನಾಲ್ಕನೆಯದು ಎರಡೇ ಸಾಲಿನಲ್ಲಿ ಮುಗಿಯುತ್ತದೆ. ಇದನ್ನು ಓದಿದ ಮೇಲೆ ಹೊಳೆದರೆ ಲೆಕ್ಕಕ್ಕಿಲ್ಲ!

## ಹಂತ 3: ಮೆಟ್ಟಿಲಿಗೆ ತಕ್ಕ ಪುಸ್ತಕ

### ಪಿಯುಸಿ ಗಟ್ಟಿಯಿಲ್ಲದವರಿಗೆ

11 ಮತ್ತು 12ನೇ ತರಗತಿಯ ಎನ್‌ಸಿಇಆರ್‌ಟಿ ಪುಸ್ತಕಗಳೇ ಸಾಕು. ಅವರ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ. ಪಿಯುಸಿಯಲ್ಲಿ ಗೈಡ್ ಓದಿ ಪಾಸಾದವರು ಪ್ರತಿ ಅಧ್ಯಾಯದ ಕೊನೆಯ ಮಿಸಲೇನಿಯಸ್ ಎಕ್ಸರ್‌ಸೈಜ್ ಮುಟ್ಟಿರುವುದಿಲ್ಲ. ಲಿಮಿಟ್, ಡೆರಿವೇಟಿವ್, ಇಂಟಿಗ್ರಲ್ ಅಧ್ಯಾಯಗಳಲ್ಲಿ ಅದನ್ನಷ್ಟೇ ಮಾಡಿ ಮುಂದೆ ಹೋಗಿ. ಇಲ್ಲಿ ಜಾಸ್ತಿ ದಿನ ಕೂರಬಾರದು.

### ಬಿಎಸ್ಸಿ ಮೊದಲ ವರ್ಷ

ಕ್ಯಾಲ್ಕುಲಸ್‌ಗೆ ನಮ್ಮ ಕಾಲೇಜು ಲೈಬ್ರರಿಗಳಲ್ಲಿ ಹೆಚ್ಚಾಗಿ ಕಾಣುವುದು ಶಾಂತಿ ನಾರಾಯಣ್ ಅವರ ‘ಡಿಫರೆನ್ಷಿಯಲ್ ಕ್ಯಾಲ್ಕುಲಸ್’. ಲೆಕ್ಕಗಳು ತುಂಬಾ ಇವೆ, ವಿವರಣೆ ಬಿಗಿ, ಚಿತ್ರ ಕಡಿಮೆ. ಅದರಿಂದಲೇ ಹೊಸದಾಗಿ ಕಲಿಯಲು ಕೂತರೆ ಬೇಸರ ಬರುತ್ತದೆ. ವಿವರಣೆಗೆ ಓಪನ್‌ಸ್ಟ್ಯಾಕ್ಸ್‌ನವರ ‘ಕ್ಯಾಲ್ಕುಲಸ್’ ಮೂರು ಸಂಪುಟಗಳಿವೆ, ಪುಕ್ಕಟೆ ಪಿಡಿಎಫ್. ವಿಷಯ ಅಲ್ಲಿ ಓದಿ, ಲೆಕ್ಕ ಶಾಂತಿ ನಾರಾಯಣ್‌ನಲ್ಲಿ ಮಾಡಿ. ಈ ಜೋಡಿಯನ್ನು ನಾನು ಎಲ್ಲರಿಗೂ ಹೇಳುತ್ತೇನೆ.

### ಎಲ್ಲರೂ ಹಾರುವ ಮೆಟ್ಟಿಲು

ಮೊದಲ ವರ್ಷ ಲೆಕ್ಕ ಮಾಡಿದ್ದಾಯಿತು. ಆಮೇಲೆ ಇದ್ದಕ್ಕಿದ್ದಂತೆ ಗ್ರೂಪ್ ಥಿಯರಿ, ರಿಯಲ್ ಅನಾಲಿಸಿಸ್ ಶುರುವಾಗುತ್ತದೆ. ಈ ಪುಸ್ತಕಗಳಲ್ಲಿ ‘ಕಂಡುಹಿಡಿಯಿರಿ’ ಎನ್ನುವುದು ಕಡಿಮೆ, ‘ಸಾಧಿಸಿ’ ಎನ್ನುವುದೇ ಜಾಸ್ತಿ. ಸಾಧಿಸುವುದು ಹೇಗೆ ಎಂದು ಕಲಿಸುವ ಪಾಠಕ್ಕೆ ಟೈಂಟೇಬಲ್‌ನಲ್ಲಿ ಜಾಗವೇ ಇರುವುದಿಲ್ಲ. ಎರಡನೇ ವರ್ಷ ಗಣಿತ ಬೇಡವೆನ್ನಿಸಲು ದೊಡ್ಡ ಕಾರಣ ಇದು ಅಂತ ನನ್ನ ಅಂದಾಜು.

ರಿಚರ್ಡ್ ಹ್ಯಾಮಕ್ ಅವರ ‘ಬುಕ್ ಆಫ್ ಪ್ರೂಫ್’ ಈ ಜಾಗಕ್ಕೆ ಸರಿಯಾಗಿ ಕೂರುತ್ತದೆ. ಲೇಖಕರೇ ತಮ್ಮ ವೆಬ್‌ಸೈಟಿನಲ್ಲಿ ಉಚಿತವಾಗಿ ಇಟ್ಟಿದ್ದಾರೆ. ಸೆಟ್, ಲಾಜಿಕ್, ನೇರ ಪ್ರೂಫ್, ಕಾಂಟ್ರಾಪಾಸಿಟಿವ್, ಕಾಂಟ್ರಡಿಕ್ಷನ್, ಇಂಡಕ್ಷನ್ ಎಲ್ಲವೂ ಒಂದಾದ ಮೇಲೆ ಒಂದು ಬರುತ್ತವೆ. ಮೊದಲ ವರ್ಷದ ಪರೀಕ್ಷೆ ಮುಗಿದ ರಜೆಯಲ್ಲಿ ದಿನಕ್ಕೆ ಒಂದು ಗಂಟೆ ಕೊಟ್ಟರೂ ಮುಖ್ಯ ಭಾಗ ಮುಗಿಯುತ್ತದೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗಂತೂ ಇದನ್ನು ಬಿಡಬೇಡಿ ಎನ್ನುತ್ತೇನೆ. ದೊಡ್ಡ ಪುಸ್ತಕಗಳ ಇಂಗ್ಲಿಷ್ ವಾಕ್ಯ ಕಟ್ಟುವ ರೀತಿ ಇಲ್ಲೇ ಕಣ್ಣಿಗೆ ಹೊಂದಿಕೊಳ್ಳುತ್ತದೆ.

### ಎರಡನೇ ಮತ್ತು ಮೂರನೇ ವರ್ಷ

ರಿಯಲ್ ಅನಾಲಿಸಿಸ್‌ಗೆ ಬಾರ್ಟಲ್–ಶೆರ್ಬರ್ಟ್ ಅವರ ‘ಇಂಟ್ರೊಡಕ್ಷನ್ ಟು ರಿಯಲ್ ಅನಾಲಿಸಿಸ್’. ಕೊನೆಯಲ್ಲಿ ಆಯ್ದ ಲೆಕ್ಕಗಳಿಗೆ ಸುಳಿವುಗಳಿವೆ. ಒಬ್ಬರೇ ಕೂತು ಓದುವವರಿಗೆ ಇದು ದೊಡ್ಡ ಆಸರೆ. ಕೊಳ್ಳಲು ಆಗದಿದ್ದರೆ ಯಿರ್ಜಿ ಲೆಬ್ಲ್ ಅವರ ‘ಬೇಸಿಕ್ ಅನಾಲಿಸಿಸ್’ ಪುಕ್ಕಟೆ ಇದೆ.

ಆಲ್ಜೀಬ್ರಾಕ್ಕೆ ಗ್ಯಾಲಿಯನ್ ಅವರ ‘ಕಾಂಟೆಂಪರರಿ ಆಬ್‌ಸ್ಟ್ರಾಕ್ಟ್ ಆಲ್ಜೀಬ್ರಾ’. ಚೌಕವನ್ನು ತಿರುಗಿಸಿ, ಮಗುಚಿ ನೋಡುವುದರಿಂದ ಗ್ರೂಪ್ ಶುರುಮಾಡುತ್ತಾರೆ. ರಟ್ಟಿನ ಚೌಕ ಕತ್ತರಿಸಿ, ನಾಲ್ಕು ಮೂಲೆಗೆ ನಂಬರ್ ಬರೆದು ಕೈಯಲ್ಲಿ ತಿರುಗಿಸುತ್ತಲೇ ಓದಬಹುದು. ಜಡ್ಸನ್ ಅವರ ‘ಆಬ್‌ಸ್ಟ್ರಾಕ್ಟ್ ಆಲ್ಜೀಬ್ರಾ’ ಉಚಿತ, ಮಟ್ಟ ಹೆಚ್ಚುಕಮ್ಮಿ ಅದೇ.

ಲೀನಿಯರ್ ಆಲ್ಜೀಬ್ರಾದಲ್ಲಿ ಸ್ವಲ್ಪ ಎಚ್ಚರ ಬೇಕು. ಮ್ಯಾಟ್ರಿಕ್ಸ್ ಕೈಗೆ ಹತ್ತಲು ಗಿಲ್ಬರ್ಟ್ ಸ್ಟ್ರಾಂಗ್ ಅವರ ಪುಸ್ತಕ ಒಳ್ಳೆಯದು. ಅವರ ಎಂಐಟಿ ಪಾಠಗಳ ವಿಡಿಯೋ ಕೂಡ ಉಚಿತ. ಆಕ್ಸ್ಲರ್ ಅವರ ‘ಲೀನಿಯರ್ ಆಲ್ಜೀಬ್ರಾ ಡನ್ ರೈಟ್’ ನಾಲ್ಕನೇ ಆವೃತ್ತಿ ಕಾನೂನುಬದ್ಧವಾಗಿಯೇ ಪುಕ್ಕಟೆ ಸಿಗುತ್ತದೆ. ಅದನ್ನು ನೋಡಿ ಎಲ್ಲರೂ ಅದಕ್ಕೇ ಮುಗಿಬೀಳುತ್ತಾರೆ. ಆದರೆ ಅವರು ಡಿಟರ್ಮಿನಂಟನ್ನು ಪುಸ್ತಕದ ಕೊನೆಗೆ ತಳ್ಳಿದ್ದಾರೆ. ನಿಮ್ಮ ಪೇಪರಿನಲ್ಲಿ ಡಿಟರ್ಮಿನಂಟ್ ಹಿಡಿದು ಐಗನ್ ವ್ಯಾಲ್ಯೂ ತೆಗೆಯಲು ಕೇಳುತ್ತಾರೆ ಎಂದಾದರೆ, ಪರೀಕ್ಷೆಯ ತಿಂಗಳಲ್ಲಿ ಈ ಪುಸ್ತಕ ಕೈಕೊಡುತ್ತದೆ. ಚೆನ್ನಾಗಿಲ್ಲ ಎಂದಲ್ಲ, ಎರಡನೇ ಓದಿಗೆ ಇಟ್ಟುಕೊಳ್ಳಿ.

### ಎಂಎಸ್ಸಿ

ಅನಾಲಿಸಿಸ್‌ಗೆ ರುಡಿನ್, ಆಲ್ಜೀಬ್ರಾಕ್ಕೆ ಹರ್ಸ್ಟೀನ್, ಲೀನಿಯರ್ ಆಲ್ಜೀಬ್ರಾಕ್ಕೆ ಹಾಫ್‌ಮನ್–ಕುಂಝೆ, ಟೊಪಾಲಜಿಗೆ ಮಂಕ್ರೆಸ್. ಹೆಸರುಗಳು ಎಲ್ಲರಿಗೂ ಗೊತ್ತು. ಈ ನಾಲ್ಕರಲ್ಲಿ ಓದುಗನ ಕೈಹಿಡಿದು ನಡೆಸುವುದು ಮಂಕ್ರೆಸ್ ಮಾತ್ರ. ಹರ್ಸ್ಟೀನ್ ಅವರ ‘ಟಾಪಿಕ್ಸ್ ಇನ್ ಆಲ್ಜೀಬ್ರಾ’ದಲ್ಲಿ ನಕ್ಷತ್ರ ಹಾಕಿದ ಲೆಕ್ಕಗಳು ನಿಜಕ್ಕೂ ಕಷ್ಟದವು. ಅವು ಬರದಿದ್ದರೆ ಕಂಗಾಲಾಗಬೇಕಿಲ್ಲ. ಯಾವುದೋ ವಿಡಿಯೋದಲ್ಲಿ ಹೊಗಳಿದರು ಅಂತ ಡಿಗ್ರಿಯ ಎರಡನೇ ವರ್ಷದಲ್ಲಿ ರುಡಿನ್ ಹಿಡಿಯುವುದು ದೇವಿಮನೆ ಘಟ್ಟವನ್ನು ಟಾಪ್ ಗೇರಿನಲ್ಲಿ ಹತ್ತಲು ಹೋದ ಹಾಗೆ.

## ಹಂತ 4: ಒಂದೇ ವಿಷಯವನ್ನು ಎರಡು ಪುಸ್ತಕಗಳಲ್ಲಿ ಓದಿ

ಈಗ ಲೈಬ್ರರಿಗೆ ಹೋಗಿ. ಇಡೀ ಪುಸ್ತಕ ತಿರುವುತ್ತಾ ಕೂರಬೇಡಿ. ನಿಮಗೆ ತರಗತಿಯಲ್ಲಿ ಅರ್ಧಂಬರ್ಧ ಅರ್ಥವಾದ ಒಂದು ವಿಷಯ ಆರಿಸಿ. ಪೂರ್ತಿ ಗೊತ್ತಿರುವುದೂ ಬೇಡ, ಏನೂ ಗೊತ್ತಿಲ್ಲದ್ದೂ ಬೇಡ.

ಸೀಕ್ವೆನ್ಸಿನ ಕನ್ವರ್ಜೆನ್ಸ್ ತೆಗೆದುಕೊಳ್ಳೋಣ. ಬಾರ್ಟಲ್–ಶೆರ್ಬರ್ಟ್ ಮೂರನೇ ಅಧ್ಯಾಯ ತೆರೆದರೆ, ನೀವು ಒಂದು ಎಪ್ಸಿಲಾನ್ ಕೊಡುತ್ತೀರಿ, ಅದಕ್ಕೆ ತಕ್ಕ ಒಂದು ‘ಕೆ’ ಹುಡುಕಬೇಕು. ಎಲ್ಲ ನಡೆಯುವುದು ರಿಯಲ್ ಸಂಖ್ಯೆಗಳ ಗೆರೆಯ ಮೇಲೆ. ರುಡಿನ್‌ನಲ್ಲೂ ಇದು ಮೂರನೇ ಅಧ್ಯಾಯವೇ. ಆದರೆ ಮೊದಲ ಡೆಫಿನಿಷನ್ನಿನಲ್ಲೇ ಸೀಕ್ವೆನ್ಸ್ ಒಂದು ಮೆಟ್ರಿಕ್ ಸ್ಪೇಸಿನಲ್ಲಿರುತ್ತದೆ (ಬಿಂದುಗಳ ನಡುವೆ ದೂರ ಅಳೆಯಬಹುದಾದ ಯಾವುದೇ ಸೆಟ್), ಯಾಕೆಂದರೆ ಅದಕ್ಕೂ ಹಿಂದಿನ ಅಧ್ಯಾಯದಲ್ಲಿ ಟೊಪಾಲಜಿ ಮುಗಿಸಿಯಾಗಿದೆ. ಅಧ್ಯಾಯದ ನಂಬರ್ ಒಂದೇ, ಓದುಗನಿಂದ ಬೇಡುವ ತಯಾರಿ ಮಾತ್ರ ಒಂದು ವರ್ಷದಷ್ಟು ಜಾಸ್ತಿ. ಅಂಗಡಿಯಲ್ಲಿ ಪರಿವಿಡಿ ಮಾತ್ರ ನೋಡಿದವರಿಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ.

ಎರಡೂ ಪುಸ್ತಕದಲ್ಲಿ ಡೆಫಿನಿಷನ್ ಓದಿ, ಮುಚ್ಚಿಟ್ಟು, ನಿಮ್ಮ ಮಾತಿನಲ್ಲಿ ಬರೆಯಿರಿ. ಆಮೇಲೆ ಒಂದು ಸಣ್ಣ ಲೆಕ್ಕ: (3ಎನ್+2)/(ಎನ್+1) ಎಂಬುದು 3ಕ್ಕೆ ಹೋಗುತ್ತದೆ ಎಂದು ಅದೇ ಡೆಫಿನಿಷನ್ನಿನಿಂದ ತೋರಿಸಿ. 3ರಿಂದ ಇರುವ ವ್ಯತ್ಯಾಸ 1/(ಎನ್+1) ಎಂದು ಬಂದ ಮೇಲೆ ಮುಂದಿನ ಹೆಜ್ಜೆ ಯಾವ ಪುಸ್ತಕ ಓದಿದಾಗ ತಾನಾಗಿ ಹೊಳೆಯಿತೋ ಅದು ನಿಮ್ಮದು.

ಇನ್ನೊಂದು ವಿಷಯ ಇಲ್ಲೇ ನೋಡಿಕೊಳ್ಳಿ: ಪುಸ್ತಕದ ಬರವಣಿಗೆಯ ಪದ್ಧತಿ ನಿಮ್ಮ ಮೇಷ್ಟ್ರ ಪದ್ಧತಿಗೆ ಹೊಂದುತ್ತದೆಯೇ? ಪರ್ಮ್ಯುಟೇಷನ್ ಗುಣಿಸುವಾಗ ಗ್ಯಾಲಿಯನ್ ಬಲದಿಂದ ಎಡಕ್ಕೆ ಹೋಗುತ್ತಾರೆ. ಹರ್ಸ್ಟೀನ್ ‘ಟಾಪಿಕ್ಸ್’ನಲ್ಲಿ ಎಡದಿಂದ ಬಲಕ್ಕೆ. (1 2)(1 3) ಗುಣಿಸಿ ನೋಡಿ. ಗ್ಯಾಲಿಯನ್ ರೀತಿಯಲ್ಲಿ (1 3 2) ಬರುತ್ತದೆ, ಹರ್ಸ್ಟೀನ್ ರೀತಿಯಲ್ಲಿ (1 2 3). ಎರಡೂ ಸರಿ. ಒಂದರಲ್ಲಿ ಓದಿ ಇನ್ನೊಂದರ ಉತ್ತರ ತಾಳೆ ನೋಡಿದವರು ‘ನನಗೆ ಗ್ರೂಪ್ ಥಿಯರಿ ತಲೆಗೆ ಹತ್ತುವುದಿಲ್ಲ’ ಎಂದು ಕೈಬಿಡುತ್ತಾರೆ. ಹಾಗೆಯೇ ನ್ಯಾಚುರಲ್ ನಂಬರ್ 0ಯಿಂದ ಶುರುವೋ 1ರಿಂದ ಶುರುವೋ ಎಂಬುದನ್ನು ಮೊದಲ ಪುಟಗಳಲ್ಲೇ ನೋಡಿ, ಒಳಹಾಳೆಯ ಮೇಲೆ ಪೆನ್ಸಿಲ್‌ನಲ್ಲಿ ಬರೆದಿಡಿ.

## ಹಂತ 5: ಲೆಕ್ಕಗಳ ಪರೀಕ್ಷೆ

ಆರಿಸಿದ ಪುಸ್ತಕದಲ್ಲಿ ಒಂದು ಎಕ್ಸರ್‌ಸೈಜ್ ತೆಗೆಯಿರಿ. ಶುರುವಿನ ಎರಡು, ನಡುವಿನ ಎರಡು, ಕೊನೆಯ ಎರಡು ಲೆಕ್ಕ ಮಾಡಿ.

ಶುರುವಿನವು ಬಂದು, ನಡುವಿನವು ಒದ್ದಾಡಿಸಿ, ಕೊನೆಯವು ಬರದೇ ಹೋದರೆ ಸರಿಯಾದ ಪುಸ್ತಕ. ಆರೂ ಹತ್ತು ನಿಮಿಷದಲ್ಲಿ ಮುಗಿದರೆ ಅದರಿಂದ ಹೊಸದೇನೂ ಸಿಗುವುದಿಲ್ಲ. ಶುರುವಿನವೇ ಬರದಿದ್ದರೆ ಒಂದು ಮೆಟ್ಟಿಲು ಕೆಳಗಿನದು ತನ್ನಿ. ಅನುಮಾನ ಬಂದಾಗಲೂ ಕೆಳಗಿನದನ್ನೇ ಆರಿಸಿ. ಸುಲಭದ ಪುಸ್ತಕ ಬೇಗ ಮುಗಿಯುತ್ತದೆ, ಅಷ್ಟೇ. ಕಷ್ಟದ್ದು ಮುಗಿಯುವುದೇ ಇಲ್ಲ.

ಉತ್ತರ ಇರುವ ಪುಸ್ತಕವೇ ಬೇಕು ಎಂದು ಹಟ ಮಾಡುವವರಿದ್ದಾರೆ. ಮೊದಲ ವರ್ಷಕ್ಕೆ ಅದು ನ್ಯಾಯವೇ. ಅನಾಲಿಸಿಸ್‌ಗೆ ಬಂದ ಮೇಲೆ ಸುಳಿವು ಇದ್ದರೆ ಸಾಕು. ಪೂರ್ತಿ ಉತ್ತರಗಳ ಸಲ್ಯೂಷನ್ ಮ್ಯಾನ್ಯುಯಲ್ ಪಕ್ಕದಲ್ಲಿದ್ದರೆ ಎರಡು ನಿಮಿಷಕ್ಕೇ ಕೈ ಅಲ್ಲಿಗೆ ಹೋಗುತ್ತದೆ.

## ಎಂಜಿನಿಯರಿಂಗ್ ಮತ್ತು ಪ್ರವೇಶ ಪರೀಕ್ಷೆಯವರಿಗೆ

ಮಾಜಾಳಿ, ಭಟ್ಕಳ, ಹಳಿಯಾಳದಲ್ಲಿ ಎಂಜಿನಿಯರಿಂಗ್ ಓದುವವರು ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಸ್ಕೀಮಿನ, ಅಂದರೆ ಸಿಲೆಬಸ್ಸಿನ, ವರ್ಷ ಮೊದಲು ನೋಡಿಕೊಳ್ಳಬೇಕು. 2022ರ ಸ್ಕೀಮಿನಿಂದ ಕಂಪ್ಯೂಟರ್, ಎಲೆಕ್ಟ್ರಿಕಲ್, ಮೆಕ್ಯಾನಿಕಲ್, ಸಿವಿಲ್ ವಿಭಾಗಗಳಿಗೆ ಮೊದಲ ವರ್ಷದ ಗಣಿತವೇ ಬೇರೆ ಬೇರೆ. ಗೆಳೆಯನ ಬ್ರಾಂಚಿನ ನೋಟ್ಸ್ ನಿಮಗೆ ಪೂರ್ತಿ ಆಗುವುದಿಲ್ಲ. ಬಿ.ಎಸ್. ಗ್ರೆವಾಲ್ ಅವರ ‘ಹೈಯರ್ ಎಂಜಿನಿಯರಿಂಗ್ ಮ್ಯಾಥಮ್ಯಾಟಿಕ್ಸ್’ ಮನೆಯಲ್ಲಿ ಒಂದು ಇರಲಿ, ಒಂದಕ್ಕಿಂತ ಹೆಚ್ಚು ಸೆಮಿಸ್ಟರಿಗೆ ಬರುತ್ತದೆ. ಕ್ರೇಸಿಗ್ ಅವರ ‘ಅಡ್ವಾನ್ಸ್ಡ್ ಎಂಜಿನಿಯರಿಂಗ್ ಮ್ಯಾಥಮ್ಯಾಟಿಕ್ಸ್’ನ ವಿವರಣೆ ಚೆನ್ನಾಗಿದೆ, ಲೈಬ್ರರಿಯಲ್ಲಿ ಓದಿದರೆ ಸಾಕು.

ಐಐಟಿ ಜಾಮ್ (ಎಂಎಸ್ಸಿ ಪ್ರವೇಶ ಪರೀಕ್ಷೆ) ಬರೆಯುವವರು ಡಿಗ್ರಿಯ ಮುಖ್ಯ ಪುಸ್ತಕ ಬಿಟ್ಟು ಪ್ರಶ್ನೆ ಸಂಗ್ರಹಕ್ಕೆ ಹಾರಬೇಡಿ. ಆ ಪರೀಕ್ಷೆಯಲ್ಲಿ ಒಂದಕ್ಕಿಂತ ಹೆಚ್ಚು ಸರಿ ಉತ್ತರ ಇರಬಹುದಾದ ಪ್ರಶ್ನೆಗಳ ವಿಭಾಗವಿದೆ. ಎಲ್ಲ ಸರಿ ಉತ್ತರಗಳನ್ನೂ ಗುರುತಿಸಿದರೆ ಮಾತ್ರ ಅಂಕ, ಅರ್ಧ ಅಂಕ ಇಲ್ಲ. ಡೆಫಿನಿಷನ್ ಮಸುಕಾಗಿದ್ದವರನ್ನು ಆ ವಿಭಾಗ ಹಿಡಿದುಬಿಡುತ್ತದೆ.

## ಹಂತ 6: ಈಗ ಕೊಳ್ಳಿ

ಒಂದು ವಿಷಯಕ್ಕೆ ಒಂದೇ ಪುಸ್ತಕ. ಮೂವರು ಗೆಳೆಯರಿದ್ದರೆ ಒಬ್ಬರು ಅನಾಲಿಸಿಸ್, ಒಬ್ಬರು ಆಲ್ಜೀಬ್ರಾ, ಒಬ್ಬರು ಲೀನಿಯರ್ ಆಲ್ಜೀಬ್ರಾ ತೆಗೆದುಕೊಳ್ಳಿ. ಮೂವರೂ ಅದೇ ಪುಸ್ತಕ ಕೊಳ್ಳುವುದು ಸುಮ್ನೆ ದಂಡ.

ಶಿರಸಿ–ಕಾರವಾರದ ಅಂಗಡಿಗಳಲ್ಲಿ ಗೈಡು, ನೋಟ್‌ಬುಕ್ ಸಿಗುವಷ್ಟು ಸಲೀಸಾಗಿ ಇಂಥ ಪುಸ್ತಕ ಸಿಗುವುದಿಲ್ಲ. ಯಾರಾದರೂ ಯೂನಿವರ್ಸಿಟಿ ಕೆಲಸಕ್ಕೆ ಧಾರವಾಡಕ್ಕೋ ಹುಬ್ಬಳ್ಳಿಗೋ ಹೋಗುವಾಗ ಚೀಟಿ ಕೊಟ್ಟು ಕಳಿಸಿ. ಚೀಟಿಯಲ್ಲಿ ಲೇಖಕರ ಹೆಸರು, ಪುಸ್ತಕದ ಪೂರ್ತಿ ಹೆಸರು, ಆವೃತ್ತಿ ಮೂರೂ ಇರಲಿ. ಬರೀ ‘ರಿಯಲ್ ಅನಾಲಿಸಿಸ್ ಬುಕ್ಕು’ ಎಂದರೆ ಅಂಗಡಿಯವರು ತಮ್ಮಲ್ಲಿ ಇರುವುದನ್ನು ಕೊಡುತ್ತಾರೆ. ಅವರ ತಪ್ಪೇನಿಲ್ಲ.

ಹಳೆಯ ಆವೃತ್ತಿ ಕಡಿಮೆ ಬೆಲೆಗೆ ಸಿಕ್ಕರೆ ಧಾರಾಳವಾಗಿ ಕೊಳ್ಳಿ. ಈ ಮಟ್ಟದ ಗಣಿತ ಆವೃತ್ತಿಯಿಂದ ಆವೃತ್ತಿಗೆ ಬದಲಾಗುವುದಿಲ್ಲ. ಲೆಕ್ಕದ ನಂಬರ್ ಮಾತ್ರ ಹಿಂದೆಮುಂದೆ ಆಗಿರುತ್ತದೆ. ಮೇಷ್ಟ್ರು ‘ಇಷ್ಟನೇ ಲೆಕ್ಕ ಮಾಡಿಕೊಂಡು ಬನ್ನಿ’ ಎಂದರೆ ಗೆಳೆಯರ ಪುಸ್ತಕದ ಫೋಟೋ ತೆಗೆದುಕೊಂಡರಾಯಿತು. ವಿದೇಶಿ ಪುಸ್ತಕಗಳಿಗೆ ಭಾರತದ ಅಗ್ಗದ ಮುದ್ರಣ ಇದೆಯೇ ಎಂದು ಮೊದಲು ಹುಡುಕಿ.

ಜೆರಾಕ್ಸ್ ಮಾಡಿದ, ಕಳ್ಳ ಮುದ್ರಣದ ಪುಸ್ತಕಗಳನ್ನು ಬೇಡ ಎನ್ನಲು ಕಾನೂನು ಒಂದು ಕಾರಣ. ಇನ್ನೊಂದು ಕಾರಣ ಗಣಿತದ್ದೇ. ಪ್ರತಿಯ ಪ್ರತಿ ತೆಗೆದಾಗ ಮೊದಲು ಮಾಯವಾಗುವುದು ಸಣ್ಣ ಗುರುತುಗಳು. ‘≤’ ಕೆಳಗಿನ ಗೆರೆ ಅಳಿಸಿ ‘<’ ಆಗಿರುತ್ತದೆ. ಅಕ್ಷರದ ಮೇಲಿನ ಅಡ್ಡಗೆರೆ, ಪ್ರೈಮ್ ಚಿಹ್ನೆ, ಕೆಳಗಿನ ಪುಟ್ಟ ಅಂಕಿ ಹೋಗಿರುತ್ತವೆ. ಕಾದಂಬರಿಯಾದರೆ ಊಹಿಸಿ ಓದಬಹುದು. ಇಲ್ಲಿ ಒಂದು ಗೆರೆ ಹೋದರೆ ಥಿಯರಮ್ಮೇ ಸುಳ್ಳಾಗಬಹುದು.

ಆನ್‌ಲೈನ್‌ನಲ್ಲಿ ತರಿಸಿದರೆ ಪಾರ್ಸೆಲ್ ಬಂದ ದಿನವೇ ಪುಟಗಳನ್ನು ತಿರುವಿ ನೋಡಿ. ಖಾಲಿ ಪುಟ, ಎರಡು ಸಲ ಬಂದ ಪುಟ, ಮಸುಕು ಅಚ್ಚು ಇದ್ದರೆ ವಾಪಸ್ ಕಳಿಸುವ ಗಡುವು ದಾಟುವ ಮೊದಲೇ ಕಳಿಸಿ. ಉಚಿತ ಪಿಡಿಎಫ್‌ಗಳನ್ನು ಕಾಲೇಜಿನಲ್ಲಿ ಅಥವಾ ಪೇಟೆಯಲ್ಲಿದ್ದಾಗಲೇ ಇಳಿಸಿಕೊಳ್ಳಿ. ಸಿದ್ದಾಪುರ, ಯಲ್ಲಾಪುರದ ಒಳಹಳ್ಳಿಗಳಲ್ಲಿ ಮಳೆಗಾಲದ ನೆಟ್‌ವರ್ಕ್ ನಂಬಿಕೊಂಡು ಯಾರೂ ಓದಲು ಕೂರಬಾರದು.

## ಹಂತ 7: ಮೊದಲ ಮೂರು ವಾರ ಗಮನಿಸಬೇಕಾದ್ದು

ಪುಸ್ತಕ ತಪ್ಪಾಗಿದ್ದರೆ ಈ ದಿನಗಳಲ್ಲೇ ಗೊತ್ತಾಗುತ್ತದೆ. ಈ ಲಕ್ಷಣಗಳನ್ನು ನೋಡಿ.

ಪ್ರತಿ ಪುಟಕ್ಕೂ ಬೇರೆ ಪುಸ್ತಕವನ್ನೋ ವಿಡಿಯೋವನ್ನೋ ನೋಡಲೇಬೇಕಾಗುತ್ತಿದೆ. ‘ಇದು ಸ್ಪಷ್ಟವೇ ಇದೆ’ ಎಂದು ಲೇಖಕರು ಬಿಟ್ಟ ಜಾಗ ನಿಮಗೆ ಒಮ್ಮೆಯೂ ತುಂಬಲು ಆಗಿಲ್ಲ. ಪ್ರೂಫ್ ಓದುವಾಗ ಸರಿ ಎನಿಸುತ್ತದೆ, ಪುಸ್ತಕ ಮುಚ್ಚಿದರೆ ಮೊದಲ ಸಾಲೂ ನೆನಪಿಲ್ಲ. ಇವುಗಳಲ್ಲಿ ಎರಡು ಕಂಡರೂ ಒಂದು ಮೆಟ್ಟಿಲು ಕೆಳಗಿಳಿಯಿರಿ.

ಆದರೆ ಕೆಲವನ್ನು ಪುಸ್ತಕದ ತಪ್ಪು ಎಂದು ಹೇಳಬೇಡಿ. ಒಂದು ಗಂಟೆಗೆ ಎರಡೇ ಪುಟ ಆಯಿತು ಅಂದರೆ ಅದು ಸಹಜ ವೇಗ. ಒಂದು ಲೆಕ್ಕ ಎರಡು ದಿನ ತೆಗೆದುಕೊಂಡಿತು, ಅದೂ ಸಹಜ. ಪೆನ್ನು ಹಿಡಿಯದೆ ಮಲಗಿಕೊಂಡು ಓದಿ ಅರ್ಥವಾಗಲಿಲ್ಲ ಎಂದರೆ ಯಾವ ಪುಸ್ತಕವೂ ಅರ್ಥವಾಗುವುದಿಲ್ಲ, ಅಲ್ವಾ?

ಬದಲಾಯಿಸುವುದಾದರೆ ಮೂರನೇ ವಾರದ ಒಳಗೇ ಬದಲಾಯಿಸಿ. ಸೆಮಿಸ್ಟರ್ ಅರ್ಧ ಕಳೆದ ಮೇಲೆ ಹೊಸ ಪುಸ್ತಕ ಹಿಡಿದವರು ಮತ್ತೆ ಮೊದಲ ಅಧ್ಯಾಯದಿಂದ ಶುರುಮಾಡುತ್ತಾರೆ. ಪರೀಕ್ಷೆ ಬರುವಾಗ ಅವರಿಗೆ ಎರಡು ಪುಸ್ತಕಗಳ ಮೊದಲ ಅಧ್ಯಾಯ ಮಾತ್ರ ಚೆನ್ನಾಗಿ ಬರುತ್ತಿರುತ್ತದೆ.

## ಮಳೆಗಾಲದ ಒಂದು ಮಾತು

ಅಗ್ಗದ ಮುದ್ರಣಗಳು ಬರೀ ಅಂಟಿನ ಮೇಲೆ ನಿಂತಿರುತ್ತವೆ. ಕರಾವಳಿಯ ಜೂನ್–ಜುಲೈ ಥಂಡಿಗೆ ಅಂಟು ಬಿಟ್ಟು ಹಾಳೆ ಕಳಚುತ್ತವೆ, ರಟ್ಟಿಗೆ ಬೂಷ್ಟು ಹಿಡಿಯುತ್ತದೆ. ಗೋಡೆಗೆ ತಾಗಿಸಿ ಇಡಬೇಡಿ, ಅಟ್ಟಕ್ಕೆ ಹಾಕಬೇಡಿ. ಬಿಸಿಲು ಕಂಡ ದಿನ ಪುಸ್ತಕ ಬಿಡಿಸಿ ಗಾಳಿಗಿಡಿ, ನೇರ ಬಿಸಿಲಿಗೆ ಬೇಡ. ಮೂರು ವರ್ಷ ಬಳಸುವ ಪುಸ್ತಕವಾದರೆ ಹೊಸದಿರುವಾಗಲೇ, ಮೇ ತಿಂಗಳ ಒಳಗೆ, ಬೈಂಡಿಂಗ್ ಮಾಡುವವರಿಗೆ ಕೊಟ್ಟು ದಾರ ಹಾಕಿ ಹೊಲಿಸಿಕೊಳ್ಳಿ. ಅಂಚು ಕತ್ತರಿಸುವುದು ಬೇಡ ಎಂದು ಮೊದಲೇ ಹೇಳಿ, ಇಲ್ಲದಿದ್ದರೆ ಪುಟದ ಬದಿಯಲ್ಲಿ ಬರೆದ ಟಿಪ್ಪಣಿಯೂ ಕೆಲವೊಮ್ಮೆ ಪುಟದ ನಂಬರೂ ಹೋಗುತ್ತದೆ.